ಟೇಪು, ಟೆಂಡರು, ಟೋಟಲ್ ಸ್ಟೇಷನ್

ಎಂಬತ್ತರ ದಶಕದ ಕೊನೆಯಲ್ಲಿ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿ ಸುತ್ತಮುತ್ತ ಸರ್ವೆ ಕೆಲಸಕ್ಕೆ ಇಳಿದಾಗ, ಕನ್ಸಲ್ಟಂಟ್ ಅನ್ನೋ ಪದ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಪುರಸಭೆಗೆ ಹೊಸ ಪೈಪ್‌ಲೈನ್ ಬೇಕಾದರೆ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಎಂಜಿನಿಯರರೇ ಬರುತ್ತಿದ್ದರು. ನೆಲದ ಏರಿಳಿತ ಅಳೆಯುವ ಡಂಪಿ ಲೆವೆಲ್ಲು, ಟೇಪು, ಸ್ಟಾಫ್ ಕೋಲು ಹಿಡಿಯಲು ಒಬ್ಬ ಹುಡುಗ. ಮುಂದೆ ಊರಿನ ವಾಲ್ವ್‌ಮನ್, ಹಿಂದೆ ನಾವು. ‘ಇಲ್ಲಿ ಆರಿಂಚು ಲೈನ್ ಐತ್ರಿ, ಗುಡಿ ದಾಟಿದ ಮ್ಯಾಲೆ ನಾಲ್ಕಿಂಚು ಮಾಡ್ಯಾರ’ ಅಂತ ಆತ ಕಾಲಿನಿಂದ ನೆಲ ಒದ್ದು ತೋರಿಸಿದರೆ ಅದೇ ನಕ್ಷೆ. ಕಚೇರಿಯಲ್ಲಿದ್ದ ಟ್ರೇಸಿಂಗ್ ಕಾಗದ ಸಾಮಾನ್ಯವಾಗಿ ಇನ್ನೇನೋ ಹೇಳುತ್ತಿತ್ತು.

ಭೂಬಳಕೆ ಸರ್ವೆಯ ಸುಖವೇ ಬೇರೆ. ನಕ್ಷೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ-ಆಸ್ಪತ್ರೆಗೆ ಕೆಂಪು, ಉದ್ಯಾನಕ್ಕೆ ಹಸಿರು. ಆದರೆ ಕೆಳಗೆ ಕಿರಾಣಿ, ಮೇಲೆ ಸಂಸಾರ, ಹಿತ್ತಲಲ್ಲಿ ಎರಡು ಪವರ್‌ಲೂಮ್ ಇರುವ ಕಟ್ಟಡಕ್ಕೆ ಯಾವ ಬಣ್ಣ? ಬೀದಿಯಲ್ಲಿ ನಿಂತೇ ಜಗಳ ಆಡಿ ತೀರ್ಮಾನಿಸುತ್ತಿದ್ದೆವು. ಅಂಥ ಜಗಳದಲ್ಲೇ ಊರು ತಿಳಿಯುತ್ತಿತ್ತು ಎಂದು ಇವತ್ತಿಗೂ ನನ್ನ ನಂಬಿಕೆ.

1993ರಲ್ಲಿ ನಗರ ಮೂಲಸೌಕರ್ಯಕ್ಕೆ ಹಣ ಹೊಂದಿಸುವ ರಾಜ್ಯದ ನಿಗಮ ಕೆಯುಐಡಿಎಫ್‌ಸಿ ಹುಟ್ಟಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಮೊದಲು ಮೈಸೂರು, ತುಮಕೂರು ಕಡೆಗೆ, ಆಮೇಲೆ ಕರಾವಳಿಗೆ ಬಂತು. ಸಾಲದ ಜೊತೆಗೇ ಕನ್ಸಲ್ಟಂಟರನ್ನು ಆಯ್ಕೆ ಮಾಡುವ ಬ್ಯಾಂಕಿನ ಪದ್ಧತಿಯೂ ಬಂತು. ಮೊದಲು ಆಸಕ್ತಿ ಪತ್ರ, ಆಮೇಲೆ ಆಯ್ದ ಕೆಲವು ಸಂಸ್ಥೆಗಳ ಪಟ್ಟಿ, ಆಮೇಲೆ ಎರಡು ಲಕೋಟೆ. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ಒಡೆಯುತ್ತಿದ್ದರು. ಗುಣಕ್ಕೆ ಎಂಬತ್ತು ಅಂಕ, ದರಕ್ಕೆ ಇಪ್ಪತ್ತು, ಕೆಲವೊಮ್ಮೆ ಎಪ್ಪತ್ತು-ಮೂವತ್ತು. ಕಡಿಮೆ ದರದವನಿಗೇ ಕೆಲಸ ಎನ್ನುವ ನಮ್ಮ ಗುತ್ತಿಗೆ ಲೋಕಕ್ಕೆ ಇದು ದೊಡ್ಡ ಸುಧಾರಣೆಯೇ, ಅಲ್ಲಗಳೆಯುವುದಿಲ್ಲ.

ತೊಡಕು ಇದ್ದದ್ದು ಆ ಗುಣ ಅಳೆಯುವ ಕಡೆ. ಅಂಕ ಹೆಚ್ಚಾಗಿ ಬೀಳುತ್ತಿದ್ದದ್ದು ತಂಡದ ತಜ್ಞರ ಸಿವಿಗಳಿಗೆ. ಹಾಗಾಗಿ ಸಿವಿ ಕಲೆಹಾಕುವುದೇ ಒಂದು ಕಸುಬಾಯಿತು. ನಿವೃತ್ತ ಮುಖ್ಯ ಎಂಜಿನಿಯರರ ಮನೆಗೆ ಹಣ್ಣು ಹಿಡಿದುಕೊಂಡು ಹೋಗಿ ಸಹಿ ಹಾಕಿಸಿಕೊಂಡು ಬರುವ ಹುಡುಗರನ್ನು ಕಂಡಿದ್ದೇನೆ. ಒಬ್ಬರದೇ ಹೆಸರು ಮೂರು ಊರಿನ ಯೋಜನೆಯಲ್ಲಿ ಒಟ್ಟೊಟ್ಟಿಗೆ ಟೀಮ್ ಲೀಡರ್. ಒಪ್ಪಂದವಾದ ಮೇಲೆ ‘ಅನಾರೋಗ್ಯದ ಕಾರಣ’ ಬದಲಿ ವ್ಯಕ್ತಿ. ಮನೆಮನೆ ಸರ್ವೆ ಮಾತ್ರ ಉಪಗುತ್ತಿಗೆಯ ಉಪಗುತ್ತಿಗೆಯಾಗಿ, ಫಾರಂಗೆ ಇಷ್ಟು ಎಂದು, ಕಾಲೇಜು ಹುಡುಗರ ಕೈಗೆ ಬರುತ್ತಿತ್ತು. ತಿಂಗಳ ಆದಾಯ, ನೀರಿಗೆ ಎಷ್ಟು ಕೊಡಲು ಸಿದ್ಧ ಎಂದೆಲ್ಲ ಪುಟಗಟ್ಟಲೆ ಪ್ರಶ್ನೆ. ಬಾಗಿಲಲ್ಲಿ ನಿಂತ ಹೆಂಗಸರದು ಒಂದೇ ಪ್ರಶ್ನೆ: ‘ನಳಾ ಯಾವಾಗ ಬಿಡ್ತೀರಿ, ಅದನ್ನ ಹೇಳ್ರಿ ಮೊದ್ಲ.’

ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಪ್ರಯೋಗ ನಡೆಯಿತಲ್ಲ, ಅಲ್ಲಿ ಹಳೆಯ ಕೊಳವೆಗಳನ್ನು ರಿಪೇರಿ ಮಾಡುವ ಬದಲು ಇಡೀ ಜಾಲವನ್ನೇ ಹೊಸದಾಗಿ ಹಾಕಿದರು. ನೀರು ಬಂತು, ನಿಜವಾಗಿಯೂ ಬಂತು. ಕೆಳಗೆ ಹೂತಿದ್ದ ಹಳೆಯ ಲೈನುಗಳನ್ನು ಕೇಳುವವರು ಅಲ್ಲಿಗೆ ಇಲ್ಲವಾದರು.

ಕೇಂದ್ರದ ನಗರ ನವೀಕರಣ ಯೋಜನೆ ಜೆ-ನರ್ಮ್ 2005ರ ಕೊನೆಗೆ ಬಂದಾಗ ಅದಕ್ಕೆ ಆಯ್ದ ದೇಶದ 63 ನಗರಗಳಿಗೂ ಒಮ್ಮೆಗೇ ಅಭಿವೃದ್ಧಿ ಯೋಜನೆ ಬೇಕಾಯಿತು. ನಮ್ಮಲ್ಲಿ ಬೆಂಗಳೂರು, ಮೈಸೂರು ಎರಡೇ. ಆ ಅವಸರದಲ್ಲಿ ಒಂದೂರಿನ ವರದಿಯಲ್ಲಿ ಇನ್ನೊಂದೂರಿನ ಹೆಸರು ಉಳಿದುಹೋದ ಕತೆಗಳು ನಮ್ಮ ಚಹಾದಂಗಡಿಯಲ್ಲಿ ಬಹಳ ಓಡಿದವು. ಮುಂದೆ ಇ-ಪ್ರೊಕ್ಯೂರ್‌ಮೆಂಟ್ ಬಂದು ಲಕೋಟೆ, ಅರಗು ಎಲ್ಲ ಹೋದವು. ಡಂಪಿ ಲೆವೆಲ್ಲಿನ ಜಾಗಕ್ಕೆ ಬಂದಿದ್ದ ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಸರ್ವೆ ಯಂತ್ರವೂ ಹೋಗಿ ಡ್ರೋನ್ ಬಂತು. ಈಗ ಬಣ್ಣ ಹಚ್ಚುವವರು ಬೆಂಗಳೂರಿನಲ್ಲಿ ಉಪಗ್ರಹ ಚಿತ್ರದ ಮುಂದೆ ಕೂತಿರುತ್ತಾರೆ. ಮೇಲಿನಿಂದ ನೋಡಿದರೆ ಕಿರಾಣಿಯೂ ಕಾಣುವುದಿಲ್ಲ, ಪವರ್‌ಲೂಮೂ ಕಾಣುವುದಿಲ್ಲ. ಹಳದಿ ಎಂದು ತುಂಬಿಬಿಡುತ್ತಾರೆ.

ಟೆಂಡರ್ ದಾಖಲೆ ಬರೆಯುವ ಗೆಳೆಯರು ಈಗಲೂ ಒಮ್ಮೊಮ್ಮೆ ಕರಡು ಕಳಿಸುತ್ತಾರೆ. ವಾಲ್ವ್‌ಮನ್ನಿಗೆ ದಿನಭತ್ಯೆ ಎಂದು ಒಂದು ಸಾಲು ಸೇರಿಸಿ ಹಿಂದಿರುಗಿಸುತ್ತೇನೆ. ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕುವುದು ಎಂದು ಲೆಕ್ಕದವರು ಅದನ್ನು ಹೊಡೆದುಹಾಕುತ್ತಾರೆ.