ಅಮ್ಮನ ಸ್ತೋತ್ರ

ನಮ್ಮ ಅಮ್ಮ ಬೈಯುವುದು ತುಳುವಿನಲ್ಲಿ, ಪ್ರಾರ್ಥಿಸುವುದು ಕನ್ನಡದಲ್ಲಿ. ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಸಭೆಯ ಅನೇಕ ಮನೆಗಳಲ್ಲಿ ಈ ಏರ್ಪಾಡು ಉಂಟು. 1834ರಲ್ಲಿ ಇಲ್ಲಿಗೆ ಬಂದ ಮಿಷನರಿಗಳು ಮುಂದೆ ಅಚ್ಚುಕೂಟವನ್ನು ತೆರೆದರು. 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಊರಿನಲ್ಲಿ ಹೀಗೆ ಬೆಳೆದ ಹೆಂಚಿನ ಕಸಬು ನನ್ನ ತಂದೆಯ ಪಾಲಿಗೆ ಬಂತು. ಅಚ್ಚಾದ ಕನ್ನಡ ನನ್ನ ಪಾಲಿಗೆ.

ಅಮ್ಮನ ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬರುವ ಮಾತು ‘ಸ್ತೋತ್ರ’. ಬೆಳಿಗ್ಗೆ ಕಣ್ಣು ಬಿಟ್ಟರೆ ಸ್ತೋತ್ರ. ಬಸ್ಸು ಸಿಕ್ಕಿದರೆ ಸ್ತೋತ್ರ. ಬಸ್ಸು ತಪ್ಪಿ, ಮಂಡಿ ಹಿಡಿದುಕೊಂಡು ನಡೆದು ಮನೆ ಮುಟ್ಟಿದರೂ ಸ್ತೋತ್ರ. ಇಷ್ಟು ಸುಲಭವಾಗಿ ಸಂತುಷ್ಟಳಾಗುವವಳ ಜೊತೆ ಬಾಳುವುದು ಬಹಳ ಕಷ್ಟ. ನಮಗೆ ಗೊಣಗಲು ಅವಕಾಶವೇ ಸಿಗುವುದಿಲ್ಲ.

ಗೊಣಗಲು ನನ್ನಲ್ಲಿ ಕಾರಣಗಳಿಗೆ ಕೊರತೆಯಿಲ್ಲ. ನಾನು ಅತಿಥಿ ಉಪನ್ಯಾಸಕ. ಹದಿನಾಲ್ಕು ವರ್ಷಗಳಿಂದ ಅತಿಥಿ! ಇಷ್ಟು ಕಾಲ ಒಂದೇ ಮನೆಯಲ್ಲಿ ನಿಂತ ಅತಿಥಿಯನ್ನು ಯಾವ ಪುರಾಣವೂ ಕಂಡಿರಲಾರದು. ಕಳೆದ ಆಟಿ ತಿಂಗಳಿಗೆ ನಾಲ್ಕು ತಿಂಗಳ ಗೌರವಧನ ಬಾಕಿ ನಿಂತಿತ್ತು. ಅಂಗಡಿಯವನು ಲೆಕ್ಕದ ಪುಸ್ತಕವನ್ನು ನಾನು ಕಾಣುವಂತೆ ತೆರೆದಿಡತೊಡಗಿದ್ದ. ಆ ವಾರವೇ ಒಂದು ರಾತ್ರಿ ಗಾಳಿಗೆ ತೆಂಗಿನಕಾಯಿ ಬಿದ್ದು ಮಾಡಿನ ಮೂರು ಹೆಂಚು ಒಡೆದವು. ನೀರು ಬೇರೆಲ್ಲೂ ಬೀಳದೆ, ಮೇಜಿನ ಮೇಲೆ ನಾನು ತಿದ್ದಿ ಮುಗಿಸಿದ್ದ ಅರುವತ್ತು ಉತ್ತರಪತ್ರಿಕೆಗಳ ಮೇಲೇ ಬಿತ್ತು.

ಮರುದಿನ ರಾತ್ರಿ ಊಟಕ್ಕೆ ಕುಳಿತೆವು. ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು. ಒಡೆದ ಹೆಂಚಿನ ಕೆಳಗೆ ಇಟ್ಟ ಬಾಲ್ದಿಯಲ್ಲಿ ನೀರು ಟಪ್ ಟಪ್ ಎನ್ನುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ಎಂದಿನಂತೆ ಸ್ತೋತ್ರ ಹೇಳಿದಳು. ಹೆಂಡತಿ ‘ಆಮೆನ್’ ಎಂದಳು. ನಾನು ಅನ್ನಲಿಲ್ಲ.

“ಯಾವುದಕ್ಕಮ್ಮ ಸ್ತೋತ್ರ? ಮಾಡು ಸೋರುವುದಕ್ಕೋ?” ಎಂದು ಕೇಳಿದೆ.

“ಮಾಡು ಸೋರುವುದಕ್ಕೆ ಸ್ತೋತ್ರ ಹೇಳಲು ನನಗೇನು ಹುಚ್ಚೆ? ಗಂಜಿಗೆ ಹೇಳಿದೆ. ಗಂಜಿ ಎದುರಿಗಿತ್ತಲ್ಲ.”

ತರಗತಿಯಲ್ಲಿ ‘ಕೃತಜ್ಞ’ ಎಂಬ ಪದವನ್ನು ಬಿಡಿಸಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ಬಲ್ಲವನು. ತನಗಾಗಿ ಮಾಡಿದ್ದನ್ನು ಬಲ್ಲವನು ಕೃತಜ್ಞ. ಅವನು ಸುಖವಾಗಿರಬೇಕೆಂದು ಪದದಲ್ಲಿ ಎಲ್ಲಿಯೂ ಇಲ್ಲ. ಎಂ.ಎ. ಮಾಡಿದ ನನಗೆ ಪದದ ಅರ್ಥ ಗೊತ್ತಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಮ್ಮನಿಗೆ ಗಂಜಿ ಕಾಣಿಸಿತು.

ಕೈತೊಳೆದ ಮೇಲೆ ಅಮ್ಮ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, “ನಿನ್ನ ಅಪ್ಪ ಹೋದ ಮೇಲೆ ನಾನು ಮೂರು ತಿಂಗಳು ಸ್ತೋತ್ರ ಹೇಳಿಲ್ಲ, ಗೊತ್ತುಂಟಾ?” ಎಂದಳು.

ಗೊತ್ತಿರಲಿಲ್ಲ. ತಂದೆ ಜ್ವರ ಬಂದು ಎಂಟೇ ದಿನಗಳಲ್ಲಿ ತೀರಿಕೊಂಡಾಗ ನಾನು ಎರಡನೆಯ ತರಗತಿ. ಅಮ್ಮ ಬೀಡಿ ಕಟ್ಟಲು ಕುಳಿತದ್ದು ಆಗ. ದಿನವಿಡೀ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು ಬ್ರಾಂಚಿಗೆ ಕೊಂಡುಹೋದರೆ, ಎಣಿಸುವವರು ಚೆನ್ನಾಗಿಲ್ಲವೆಂದು ಒಂದಿಷ್ಟನ್ನು ಬದಿಗೆ ಸರಿಸುವರು. ಅದರ ಕೂಲಿ ಇಲ್ಲ.

“ಇಗರ್ಜಿಗೆ ಹೋಗುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ದೇವರ ಹತ್ತಿರ ಮಾತು ಬಿಟ್ಟಿದ್ದೆ. ಒಂದು ರಾತ್ರಿ ಗಂಜಿ ಬಡಿಸಿದಾಗ ನೀನು ಕೈಮುಗಿದು, ಸಂಡೇ ಸ್ಕೂಲಿನಲ್ಲಿ ಕಲಿತದ್ದನ್ನು ಗಟ್ಟಿಯಾಗಿ ಹೇಳಿದೆ. ಹೇಳಿ, ಬಟ್ಟಲು ಮುಟ್ಟದೆ ನನ್ನ ಮುಖವನ್ನೇ ನೋಡುತ್ತಾ ಕೂತೆ. ನಾನು ಆಮೆನ್ ಅನ್ನದೆ ನೀನು ಉಣ್ಣುವವನಲ್ಲ. ಹಸಿದ ಮಗು. ಅಂದೆ.”

“ಸಿಟ್ಟು ಹೋಯಿತೆ?”

“ಎಲ್ಲಿ ಹೋಗುತ್ತದೆ ಮಗಾ? ಸಿಟ್ಟೂ ಇತ್ತು. ಆಮೆನ್ ಕೂಡ ಅಂದೆ.”

ಆ ರಾತ್ರಿ ನಿದ್ರೆ ಬರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಮಾರ್ಟಿನ್ ರಿಂಕಾರ್ಟ್ ಎಂಬ ಜರ್ಮನ್ ಪಾದ್ರಿಯ ಕಥೆ ನೆನಪಾಯಿತು. ಮೂವತ್ತು ವರ್ಷಗಳ ಯುದ್ಧದ ಕಾಲ. ಅವನ ಊರು ಐಲೆನ್‌ಬುರ್ಗಿನ ಕೋಟೆಯೊಳಗೆ ನಿರಾಶ್ರಿತರು ತುಂಬಿದ್ದರು. 1637ರಲ್ಲಿ ಅಲ್ಲಿ ಪ್ಲೇಗು ಬಂತು. ಆ ವರ್ಷ ಅವನೊಬ್ಬನೇ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರ ಮಾಡಿಸಿದನಂತೆ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಪ್ಲೇಗಿನ ಬೆನ್ನಿಗೇ ಬರಗಾಲ. ಜರ್ಮನ್ ಸಭೆಗಳು ಇಂದಿಗೂ ಹಾಡುವ ಕೃತಜ್ಞತೆಯ ಹಾಡೊಂದು ಅವನದೇ. ಅದು ಮೊದಲು ಊಟದ ವೇಳೆಯ ಪುಟ್ಟ ಪ್ರಾರ್ಥನೆಯಾಗಿತ್ತು. ಹುಡುಗನಾಗಿದ್ದಾಗ ಈ ಕಥೆ ಕೇಳಿ, ಇವನದು ಕಲ್ಲೆದೆಯಿರಬೇಕು ಎಂದುಕೊಂಡಿದ್ದೆ. ಈಗ ಹಾಗೆ ತೋರುವುದಿಲ್ಲ. ಅವನೂ ಹಸಿದವರ ಎದುರಿಗೆ ಒಂದಿಷ್ಟು ರೊಟ್ಟಿ ಇಟ್ಟುಕೊಂಡು ಕುಳಿತಿದ್ದವನೇ.

ಇದರಲ್ಲಿ ಹೊಸತೇನೂ ಇಲ್ಲ. ಯೇಸುಸ್ವಾಮಿ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿದ್ದು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ. ಹಿಡಿದುಕೊಡುವವನು ಪಂಕ್ತಿಯಲ್ಲಿ ಕುಳಿತಿದ್ದ. ಅದು ಗೊತ್ತೂ ಇತ್ತು. ಸ್ತೋತ್ರ ದ್ರೋಹಕ್ಕಲ್ಲ, ರೊಟ್ಟಿಗೆ. ಆ ಊಟದ ನೆನಪಿಗೆ ಕ್ರೈಸ್ತರು ನಡೆಸುವ ಸಂಸ್ಕಾರದ ಗ್ರೀಕ್ ಹೆಸರಿಗೆ ಕೃತಜ್ಞತಾಸ್ತುತಿ ಎಂದೇ ಅರ್ಥ. ಆಮೆನ್ ಹೀಬ್ರೂ ಮಾತು. ಗಟ್ಟಿಯಾಗಿರುವುದು, ನೆಚ್ಚುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಎಲ್ಲವೂ ಸರಿಯಾಗಿದೆ ಎಂಬುದು ಅದರ ಅರ್ಥವಲ್ಲ. ಸರಿಯಿಲ್ಲದಾಗಲೂ ಒಂದು ಕಡೆ ಭಾರ ಊರುವ ಮಾತು ಅದು. ತನ್ನಷ್ಟಕ್ಕೆ ಊರಲಾಗದ ಮೂರು ತಿಂಗಳು ಕಳೆದ ಅಮ್ಮ, ಏನೂ ತಿಳಿಯದ ಎರಡನೆಯ ತರಗತಿಯ ಹುಡುಗನ ಪ್ರಾರ್ಥನೆಯ ಮೇಲೆ ಊರಿದಳು.

ಬೆಳಿಗ್ಗೆ ಎದ್ದು ಎರಡು ಕೆಲಸ ಮಾಡಿದೆ. ಬಾಕಿ ಗೌರವಧನಕ್ಕೆ ಇನ್ನೊಂದು ಅರ್ಜಿ ಬರೆದೆ; ದೇವರನ್ನು ನೆಚ್ಚಿದವನು ಅರ್ಜಿ ಬರೆಯಬಾರದೆಂಬ ನಿಯಮವಿಲ್ಲ. ಬಳಿಕ ನೆರೆಯವರ ಹಿತ್ತಲಲ್ಲಿ ಹಳೆಯ ಹೆಂಚು ಕೇಳಿ ತಂದು, ಏಣಿ ಹತ್ತಿ ಹೊದಿಸಿದೆ. ಏಣಿಯನ್ನು ಅಮ್ಮ ಹಿಡಿದುಕೊಂಡಿದ್ದಳು. ಎಪ್ಪತ್ತೈದರ ಆ ಕೈಗಳು ಏಣಿ ಹಿಡಿದದ್ದರಿಂದ ನನಗೇನು ಭದ್ರತೆ ಬಂತೋ ತಿಳಿಯದು, ಧೈರ್ಯವಂತೂ ಬಂತು.

ಅಂದು ರಾತ್ರಿ ಅಮ್ಮನಿಗೆ ಕೆಮ್ಮು. ಗಂಜಿಯ ಮುಂದೆ ಕುಳಿತು ನನ್ನ ಮುಖ ನೋಡಿದಳು. ನಾನೇ ಹೇಳಿದೆ. ಹಣ ಬಂದಿರಲಿಲ್ಲ, ಅಂಗಡಿಯ ಸಾಲ ತೀರಿರಲಿಲ್ಲ. ಪೂರ್ಣ ಮನಸ್ಸಿನಿಂದ ಹೇಳಿದೆನೆಂದರೆ ಸುಳ್ಳಾದೀತು. ಆದರೂ ಹೇಳಿದೆ. ಉಪನ್ಯಾಸಕರ ಅಭ್ಯಾಸ, ಸ್ವಲ್ಪ ಉದ್ದವೇ ಆಯಿತೆಂದು ಕಾಣುತ್ತದೆ.

ಅಮ್ಮ ಕನ್ನಡದಲ್ಲಿ ಆಮೆನ್ ಎಂದಳು. ಅನಂತರ, ಗಂಜಿ ಆರಿಹೋಯಿತೆಂದು ತುಳುವಿನಲ್ಲಿ ಬೈದಳು.