ಎಂಟು ‘ನಾಳೆ’ಗಳು

“ಅವನ ಬಗ್ಗೆ ನಾಲ್ಕು ಸಾಲು ಬರೆದುಕೊಡಿ” ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ 1979ರ ಒಂದು ಸಂಜೆ ನೆನಪಾಗುತ್ತದೆ. ಅಂಧೇರಿ ಸ್ಟೇಶನ್ನಿನ ಬಳಿ ಆಗ ನನ್ನದೊಂದು ಚಿಕ್ಕ ಹೋಟೆಲು. ಉಡುಪಿ ಕಡೆಯ ಮಾಣಿಯೊಬ್ಬ ಆರು ವರ್ಷ ನನ್ನಲ್ಲಿ ದುಡಿದ. ಕಪ್ಪು-ಬಸಿ ತೊಳೆಯುವುದರಿಂದ ಆರಂಭಿಸಿ ಗಲ್ಲೆಯವರೆಗೆ ಬಂದವನು. ರಾತ್ರಿಶಾಲೆಯಲ್ಲಿ ಓದಿ ಎಸ್ಸೆಸ್ಸಿ ಪಾಸಾದವನು. ಫೋರ್ಟಿನ ಕಂಪೆನಿಯೊಂದರಲ್ಲಿ ಅವನಿಗೆ ಗುಮಾಸ್ತೆಯ ಕೆಲಸ ಸಿಗುವುದರಲ್ಲಿತ್ತು. ಧಣಿಯ ಪತ್ರವೊಂದು ಬೇಕೆಂದಿದ್ದರು.

“ಧಣಿ, ಒಂದು ಕಾಗದ...” ಎಂದು ತಲೆ ತಗ್ಗಿಸಿ ನಿಂತ. ನನಗೋ ಸಿಟ್ಟು. ಕೆಲಸ ಕಲಿಸಿದವನು ನಾನು, ಲಾಭ ಬೇರೆಯವರಿಗೆ! “ನಾಳೆ ನೋಡೋಣ” ಎಂದೆ. ಹಾಗೆ ಎಂಟು ‘ನಾಳೆ’ಗಳು ಕಳೆದವು. ಒಂಬತ್ತನೆಯ ದಿನ ಬರೆದುಕೊಟ್ಟೆ. ಅಷ್ಟರಲ್ಲಿ ಆ ಜಾಗ ಇನ್ನೊಬ್ಬನ ಪಾಲಾಗಿತ್ತು. ಅವನು ಬೈಯಲಿಲ್ಲ, ಅಳಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

ಮುಂದೆ ವಕೀಲ ಮಿತ್ರರೊಬ್ಬರಿಂದ ತಿಳಿಯಿತು: 1946ರ ಕೈಗಾರಿಕಾ ಉದ್ಯೋಗ ಕಾಯ್ದೆಯ ಕೆಳಗೆ ಮಾಡಿದ ಮಾದರಿ ಸ್ಥಾಯೀ ಆದೇಶಗಳಲ್ಲಿ, ವಜಾ ಆದ ಖಾಯಂ ಕಾರ್ಮಿಕನಿಗೂ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕಿತ್ತು. ದೊಡ್ಡ ಕಾರ್ಖಾನೆಗಳಿಗೆಂದು ಮಾಡಿದ ಆ ನಿಯಮ ನನ್ನ ಹೋಟೆಲಿಗೆ ತಾಗುತ್ತಿರಲಿಲ್ಲ, ನಿಜ. ಆದರೆ ವಜಾ ಆದವನಿಗೂ ಸಲ್ಲುವುದನ್ನು ಆರು ವರ್ಷ ನಿಯತ್ತಿನಿಂದ ದುಡಿದವನಿಗೆ ನಾನು ತಡೆಹಿಡಿದೆನಲ್ಲ!

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಕೆಲಸ ಬಿಡುವ ದಿನ ಸಂಬಳದ ಲೆಕ್ಕದ ಜೊತೆಗೇ ಕಾಗದವನ್ನೂ ಕೊಡುವುದು. ಎಂದಿನಿಂದ ಎಂದಿನವರೆಗೆ ಇದ್ದ, ಯಾವ ಕೆಲಸ ಮಾಡಿದ – ಇಷ್ಟು ಎಲ್ಲರಿಗೂ. ಕಣ್ಣಾರೆ ಕಂಡ ಗುಣವಿದ್ದರೆ ಒಂದು ಸಾಲು ಹೆಚ್ಚು.

“ಗಲ್ಲೆಗೆ ಕೈಹಾಕಿದವನನ್ನೂ ಹೊಗಳಬೇಕೇ?” ಎಂದು ಕೇಳುವಿರಿ. ಬೇಡ. ಸುಳ್ಳು ಹೊಗಳಿಕೆ, ನಮ್ಮನ್ನು ನಂಬಿದ ಇನ್ನೊಬ್ಬ ಧಣಿಗೆ ಮಾಡುವ ಮೋಸ. ಆದರೆ ಅವರಿವರು ಹೇಳಿದ್ದನ್ನು ದಾಟಿಸಬಾರದು. ಅವನ ಮುಖಕ್ಕೆ ಹೇಳದ ದೂರನ್ನು ಅವನ ಬೆನ್ನಹಿಂದೆ ಹೇಳಬಾರದು. ಈಗಂತೂ ವಿಚಾರಣೆಯೆಲ್ಲ ಫೋನಿನಲ್ಲಿ. “ಏನೋ, ಪರವಾಗಿಲ್ಲ” ಎಂದು ರಾಗ ಎಳೆದರೂ ಸಾಕು, ಒಬ್ಬನ ಅನ್ನಕ್ಕೆ ಕಲ್ಲು ಬೀಳುತ್ತದೆ. ಏಕೆ ಬಿತ್ತೆಂದು ಅವನಿಗೆ ತಿಳಿಯುವುದೂ ಇಲ್ಲ.

ಈಗ ಗಲ್ಲೆಯಲ್ಲಿ ಮಗ ಕೂರುತ್ತಾನೆ. ಅವನಿಗೆ ನಾನು ಹೇಳುವುದು ಒಂದೇ: ಕಾಗದ ಕೇಳಿದವನಿಗೆ ‘ನಾಳೆ’ ಎನ್ನಬೇಡ.