ಅಪ್ಪನ ಕೀಲಿಮಣೆ

ಮೇಷ್ಟ್ರು ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾಗಿ ಡೊಂಬಿವ್ಲಿಯಲ್ಲಿ ಮಗಳ ಜೊತೆ ಇದ್ದಾರೆ. ಪಾರ್ಶ್ವವಾಯು ಬಡಿದ ಮೇಲೆ ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಎಡಗೈಯಲ್ಲಿ ಮೌಸ್ ಹಿಡಿಯಬಲ್ಲರು. ಧಾರವಾಡದ ಗೆಳೆಯನಿಗೆ ಪತ್ರ ಬರೆಯಬೇಕು. ವಿಂಡೋಸ್ ತೋರಿಸುವ ಕೀಲಿಮಣೆಯಲ್ಲಿ ಅಕ್ಷರ ಹುಡುಕುವುದೇ ದೊಡ್ಡ ಕೆಲಸ. ಪ್ರೋಗ್ರಾಮರ್ ಮಗಳು ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲೇ ದೊಡ್ಡ ಗುಂಡಿಗಳಿರುವ ಒಂದು ಪುಟ್ಟ ವಿಂಡೋ ಮಾಡಿಕೊಟ್ಟಳು.

"ಒತ್ತೀನಲ್ಲವಾ, ಅಕ್ಷರ ಎಲ್ಲಿ ಹೋತು?"

ಗುಂಡಿ ಒತ್ತಿದ ಕ್ಷಣ ಆ ವಿಂಡೋ ತಾನೇ ಮುಂದೆ ಬಂದು, ಪತ್ರದಿಂದ ಫೋಕಸ್ ಕಿತ್ತುಕೊಳ್ಳುತ್ತಿತ್ತು. ಇದಕ್ಕೆ ಮದ್ದಿದೆ. 'ನೋಆಕ್ಟಿವೇಟ್' ಎಂಬ ಸ್ಟೈಲ್ ಕೊಟ್ಟರೆ, ಕ್ಲಿಕ್ ಮಾಡಿದರೂ ಕರ್ಸರ್ ಪತ್ರದಲ್ಲೇ ಉಳಿಯುತ್ತದೆ. ಹದಿನಾರರ ಎಣಿಕೆಯಲ್ಲಿ ಅದರ ಸಂಖ್ಯೆ 08000000. ರಾತ್ರಿ ಲೋಕಲ್ ಇಳಿದು ಬಂದವಳೇ ಆ ಸಾಲು ಸೇರಿಸಿದಳು. ಈಗ ಒಂದು ಗುಂಡಿಯೂ ಒತ್ತಿಕೊಳ್ಳಲಿಲ್ಲ.

ಹಳೆಯ ಸ್ಟೈಲ್‌ಗಳು ಅಳಿಸಿಹೋದವೇ? ಇಲ್ಲ, ಇದ್ದುದನ್ನು ಓದಿ ಅದಕ್ಕೇ ಸೇರಿಸಿದ್ದಳು. ಬದಲಾವಣೆ ಜಾರಿಗೆ ಬರಲು ಬೇಕಾದ 'ಸೆಟ್‌ವಿಂಡೋಪೊಸ್' ಕೂಡ ಕರೆದಿದ್ದಳು. ಮೂರು ರಾತ್ರಿ ಕಳೆದವು.

ಚಹಾ ಕುಡಿಯುವಾಗ ಮೇಷ್ಟ್ರಿಗೆ ಹಿಂದಿ ಶಾಲೆಯಿಂದ ಬಂದಿದ್ದ ಹುಡುಗನೊಬ್ಬ ನೆನಪಾದ. "ನಿನಗ ಶಿಕ್ಷಾ ಐತಿ" ಎಂದು ಗದರಿದರೆ ಅವನು ಖುಷಿಯಿಂದ ಪುಸ್ತಕ ತೆಗೆದಿದ್ದನಂತೆ. ಕನ್ನಡ, ಮರಾಠಿಗಳಲ್ಲಿ ಅದು ದಂಡನೆ, ಹಿಂದಿಯಲ್ಲಿ ಓದು. "ಶಬ್ದ ಅದೇವಾ, ಮನಿ ಬ್ಯಾರೆ."

ಮಗಳು ಲೋಟ ಕೆಳಗಿಟ್ಟಳು. ವಿಂಡೋದ ಸ್ಟೈಲ್‌ಗಳಿಗೆ ಎರಡು ಮನೆ: ಸಾಮಾನ್ಯದವಕ್ಕೆ -16, ವಿಸ್ತರಿಸಿದವಕ್ಕೆ -20. 'ನೋಆಕ್ಟಿವೇಟ್' ಎರಡನೆಯದರದು. ಅವಳು ಬರೆದದ್ದು -16. ಆ ಮನೆಯಲ್ಲಿ ಅದೇ 08000000ಕ್ಕೆ ಅರ್ಥ 'ಡಿಸೇಬಲ್ಡ್': ಕ್ಲಿಕ್ಕನ್ನೇ ತೆಗೆದುಕೊಳ್ಳಬೇಡ. ಎರಡೂ ಬರೀ ಸಂಖ್ಯೆಗಳಾದ್ದರಿಂದ ಕಂಪೈಲರ್ ತಕರಾರು ಮಾಡಲಿಲ್ಲ. 'ಸ್ಪೈ++' ತೆರೆದು ನೋಡಿದ್ದರೆ ಮೊದಲ ರಾತ್ರಿಯೇ ತಪ್ಪು ಹೆಸರು ಸಮೇತ ಕಾಣುತ್ತಿತ್ತು. ಅವಳು ತನ್ನ ಕೋಡನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ಪತ್ರ ಮೂರು ಸಾಲಾಗಿತ್ತು. ಮೂರನೆಯದರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಮಗಳು ಕೈ ಚಾಚಿದಳು. ಮೇಷ್ಟ್ರು ತಡೆದು, ತಾವೇ ಅಳಿಸಿ ತಿದ್ದಿದರು.